ಹ್ಯಾಂಕ್‌ಸೈಟ್ ಎಂಬ ಲವಣಸ್ಫಟಿಕ

ನೀರಿನಲ್ಲಿ ತೊಳೆದರೆ ಕೊಳೆಯೊಡನೆ ತಾನೂ ಕರಗುವ ಹರಳೊಂದುಂಟು. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ, ಬತ್ತಿದ ಸರ್ಲ್ಸ್ ಸರೋವರದ ಕೆಸರಿನಲ್ಲಿ ಅದು ಹುದುಗಿದೆ. ಆ ಸಂಸ್ಥಾನದ ಪ್ರಥಮ ಸರ್ಕಾರಿ ಖನಿಜತಜ್ಞರಾದ ಹೆನ್ರಿ ಹ್ಯಾಂಕ್ಸರ ಗೌರವಾರ್ಥವಾಗಿ 1885ರಲ್ಲಿ ಅದಕ್ಕೆ ಹ್ಯಾಂಕ್‌ಸೈಟ್ ಎಂದು ಹೆಸರಿಟ್ಟರು. ಸಲ್ಫೇಟೂ ಕಾರ್ಬೊನೇಟೂ ಒಂದೇ ಸ್ಫಟಿಕದಲ್ಲಿ ಕೂಡಿರುವುದು ಖನಿಜಪ್ರಪಂಚದಲ್ಲಿ ಬಲು ವಿರಳ.

ಆರು ಪಕ್ಕೆಗಳನ್ನು ಕಂಡು ಬೆಣಚುಕಲ್ಲೆಂದು ಭ್ರಮಿಸುವವರುಂಟು. ಚಾಕುವಿನ ಮೊನೆಯಿಂದ ಗೀಚಿದರೆ ಸಂದೇಹ ತೀರುವುದು: ಬೆಣಚು ಜಗ್ಗದು, ಇದರ ಮೇಲೆ ಗೆರೆ ಮೂಡುವುದು. ನಾಲಗೆಯೂ ಸಾಕ್ಷಿ ಹೇಳೀತು, ರುಚಿ ಉಪ್ಪು.

ಅಗೆದು ತೆಗೆದ ಹರಳನ್ನು ಮನೆಯ ನಲ್ಲಿಗೆ ಒಡ್ಡಲಾಗದು. ಇನ್ನು ಲವಣವನ್ನು ಕರಗಿಸಿಕೊಳ್ಳಲಾರದಷ್ಟು ತುಂಬಿದ ಆ ಸರೋವರದ ಉಪ್ಪುನೀರಿನಲ್ಲಿಯೇ ಕುಂಚದಿಂದ ಉಜ್ಜಿ, ಒಡನೆಯೇ ಒರಸಬೇಕು. ತಡವಾದರೆ ಬಿಳಿಯ ಪೊರೆ ಕಟ್ಟುವುದು. ಬಳಿಕ ಬಿಗಿಮುಚ್ಚಳದ ಡಬ್ಬಿಯೇ ಅದಕ್ಕೆ ತಕ್ಕ ಮನೆ.