ಒಂದೇ ಅಪಘಾತ, ಎರಡು ನ್ಯಾಯಾಲಯ

1977ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಸೀನಾ ಎಂಬ ಊರಿನ ಕುಟುಂಬವೊಂದು ಮನೆ ಖಾಲಿ ಮಾಡಿ, ದೂರದ ಅರಿಜೋನಾದಲ್ಲಿ ನೆಲೆಸಲು ಹೊರಟಿತ್ತು. ದಾರಿಯಲ್ಲಿ ಒಕ್ಲಹೋಮಾ ರಾಜ್ಯವನ್ನು ಹಾಯ್ದು ಹೋಗುತ್ತಿದ್ದಾಗ, ಹಿಂದಿನಿಂದ ಬಂದ ಕಾರೊಂದು ಇವರ ಆಡಿ ಕಾರಿಗೆ ಅಪ್ಪಳಿಸಿತು. ಬೆಂಕಿ ಹೊತ್ತಿಕೊಂಡಿತು. ತಾಯಿ ಹಾಗೂ ಇಬ್ಬರು ಮಕ್ಕಳಿಗೆ ತೀವ್ರವಾದ ಸುಟ್ಟಗಾಯಗಳಾದವು.

ಕಾರಿನ ಪೆಟ್ರೋಲ್ ಟ್ಯಾಂಕಿನ ವಿನ್ಯಾಸವೂ ಅದನ್ನಿಟ್ಟ ಸ್ಥಳವೂ ದೋಷಪೂರ್ಣ ಎಂದು ಆರೋಪಿಸಿ ಕುಟುಂಬ ಪರಿಹಾರಕ್ಕಾಗಿ ದಾವೆ ಹೂಡಿತು. ಒಕ್ಲಹೋಮಾದ ಕ್ರೀಕ್ ಕೌಂಟಿಯ ರಾಜ್ಯ ನ್ಯಾಯಾಲಯದಲ್ಲಿ ಹೂಡಿದ ಈ ದಾವೆಯಲ್ಲಿ ಪ್ರತಿವಾದಿಗಳು ನಾಲ್ವರು: ಜರ್ಮನಿಯ ತಯಾರಕ ಕಂಪೆನಿ, ಅಮೆರಿಕಕ್ಕೆ ಕಾರು ತರಿಸುತ್ತಿದ್ದ ಕಂಪೆನಿ, ನ್ಯೂಯಾರ್ಕ್ ಸುತ್ತಲಿನ ವಿತರಕ ಸಂಸ್ಥೆ ಮತ್ತು ಮ್ಯಾಸೀನಾದಲ್ಲಿ ಕಾರು ಮಾರಿದ ಅಂಗಡಿ.

ಇಲ್ಲೊಂದು ಒಗಟಿದೆ. ಎಷ್ಟೇ ದೊಡ್ಡ ಪರಿಹಾರವನ್ನಾದರೂ ಕೊಡಬಲ್ಲ ದೊಡ್ಡ ಕಂಪೆನಿಗಳಿದ್ದಾಗ, ಸಾವಿರಾರು ಮೈಲಿ ದೂರದ ಅಂಗಡಿಯವನನ್ನೂ ವಿತರಕನನ್ನೂ ಎಳೆದು ತಂದದ್ದೇಕೆ? ಮೊಕದ್ದಮೆಯ ಒಂದು ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಅಲ್ಲಿನ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರೂ ಇದು ತಮಗೆ ಅರ್ಥವಾಗುತ್ತಿಲ್ಲವೆಂದು ಬರೆದರು.

ಎರಡು ಸಾಲು ನ್ಯಾಯಾಲಯಗಳು

ಒಗಟು ಬಿಡಿಸಬೇಕಾದರೆ ಅಮೆರಿಕದ ನ್ಯಾಯವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮಲ್ಲಿ ತಾಲ್ಲೂಕು ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಇರುವುದು ಒಂದೇ ಏಣಿ. ಕೇಂದ್ರದ ಕಾನೂನನ್ನೂ ರಾಜ್ಯದ ಕಾನೂನನ್ನೂ ಅದೇ ನ್ಯಾಯಾಲಯಗಳು ನೋಡುತ್ತವೆ. ಅಮೆರಿಕದಲ್ಲಿ ಎರಡು ಏಣಿಗಳಿವೆ. ಪ್ರತಿ ರಾಜ್ಯಕ್ಕೂ ತನ್ನದೇ ನ್ಯಾಯಾಲಯಗಳಿವೆ. ಅವುಗಳ ಪಕ್ಕದಲ್ಲಿಯೇ ಇಡೀ ದೇಶಕ್ಕೆ ಸೇರಿದ ಫೆಡರಲ್ ನ್ಯಾಯಾಲಯಗಳಿವೆ.

ಅಪಘಾತದ ಪರಿಹಾರ ಸಾಮಾನ್ಯವಾಗಿ ರಾಜ್ಯದ ಕಾನೂನಿಗೆ ಸೇರಿದ ವಿಷಯ. ಆದರೆ ವಾದಿ ಒಂದು ರಾಜ್ಯದವನು, ಪ್ರತಿವಾದಿ ಇನ್ನೊಂದು ರಾಜ್ಯದವನು ಅಥವಾ ವಿದೇಶದವನಾದರೆ, ಸ್ಥಳೀಯ ನ್ಯಾಯಾಲಯ ತನ್ನವರ ಪರ ವಾಲಬಹುದೆಂಬ ಶಂಕೆ ಮೊದಲಿನಿಂದಲೂ ಇತ್ತು. ಆದ್ದರಿಂದ 1789ರ ನ್ಯಾಯಾಂಗ ಕಾಯಿದೆಯಲ್ಲಿಯೇ, ಪರಸ್ಥಳದ ಪ್ರತಿವಾದಿಯು ಮೊಕದ್ದಮೆಯನ್ನು ಫೆಡರಲ್ ನ್ಯಾಯಾಲಯಕ್ಕೆ ಒಯ್ಯಲು ಅವಕಾಶ ಮಾಡಿಕೊಡಲಾಯಿತು. ಇದಕ್ಕೆ ‘ರಿಮೂವಲ್’ ಎಂದು ಹೆಸರು. ಈ ಹಕ್ಕು ಪ್ರತಿವಾದಿಗೆ ಮಾತ್ರ ಉಂಟು.

ಒಯ್ಯುವುದಕ್ಕೆ ಕಟ್ಟುಪಾಡುಗಳೂ ಇವೆ. 1806ರ ತೀರ್ಪೊಂದರ ಪ್ರಕಾರ ವಾದಿಗಳಲ್ಲಿ ಒಬ್ಬನೂ ಪ್ರತಿವಾದಿಗಳಲ್ಲಿ ಒಬ್ಬನೂ ಒಂದೇ ರಾಜ್ಯದವರಾಗಿದ್ದರೆ ಸಾಕು, ‘ಬೇರೆ ರಾಜ್ಯದವರು’ ಎಂಬ ಆಧಾರ ಬಿದ್ದುಹೋಗುತ್ತದೆ. ಕೇಳಿರುವ ಮೊತ್ತವೂ ನಿಗದಿತ ಮಿತಿಯನ್ನು ಮೀರಿರಬೇಕು; ಇಂದು ಆ ಮಿತಿ 75,000 ಡಾಲರ್. ದಾವೆಯ ಪ್ರತಿ ಕೈಸೇರಿದ 30 ದಿನಗಳೊಳಗೆ ನೋಟೀಸು ಸಲ್ಲಿಸಬೇಕು. ನೋಟೀಸು ಜಾರಿಯಾದ ಇತರ ಪ್ರತಿವಾದಿಗಳೂ ಒಪ್ಪಬೇಕು. ಇದಕ್ಕೆ ಮುಂಚಿತವಾಗಿ ಯಾರ ಅನುಮತಿಯನ್ನೂ ಪಡೆಯಬೇಕಾಗಿಲ್ಲ. ನೋಟೀಸಿನ ಪ್ರತಿ ತಲುಪಿದೊಡನೆ ರಾಜ್ಯದ ನ್ಯಾಯಾಲಯ ಕೈಕಟ್ಟಿ ಕೂರಬೇಕು.

ವಾದಿಗೂ ದಾರಿ ಇಲ್ಲದಿಲ್ಲ. ನಿಯಮ ಪಾಲನೆಯಲ್ಲಿ ತಪ್ಪಾಗಿದ್ದರೆ 30 ದಿನಗಳೊಳಗೆ ‘ಹಿಂದಕ್ಕೆ ಕಳಿಸಿ’ ಎಂದು ಕೇಳಬಹುದು. ಇದು ‘ರಿಮ್ಯಾಂಡ್’. ಫೆಡರಲ್ ನ್ಯಾಯಾಲಯಕ್ಕೆ ಆ ಬಗೆಯ ಮೊಕದ್ದಮೆಯನ್ನು ಕೇಳುವ ಅಧಿಕಾರವೇ ಇಲ್ಲವೆಂದಾದರೆ, ಅಂತಿಮ ತೀರ್ಪಿಗೆ ಮುಂಚೆ ಯಾವಾಗ ಬೇಕಾದರೂ ಹಿಂದಕ್ಕೆ ಹೋಗುತ್ತದೆ.

ಒಗಟಿಗೆ ಉತ್ತರ

ಈಗ ಅಪಘಾತದ ಕಥೆಗೆ ಮರಳೋಣ. ಆ ಕುಟುಂಬ ನ್ಯೂಯಾರ್ಕನ್ನು ಬಿಟ್ಟಿತ್ತು, ಅರಿಜೋನಾವನ್ನು ಇನ್ನೂ ಸೇರಿರಲಿಲ್ಲ. ಕಾನೂನಿನ ಕಣ್ಣಿಗೆ ಅವರು ನ್ಯೂಯಾರ್ಕಿನವರೇ. ವಿತರಕ ಮತ್ತು ಅಂಗಡಿಯೂ ನ್ಯೂಯಾರ್ಕಿನವು! ಅವೆರಡೂ ಮೊಕದ್ದಮೆಯಲ್ಲಿ ಇರುವವರೆಗೆ ದೊಡ್ಡ ಕಂಪೆನಿಗಳು ಅದನ್ನು ಫೆಡರಲ್ ನ್ಯಾಯಾಲಯಕ್ಕೆ ಒಯ್ಯುವಂತಿರಲಿಲ್ಲ. ಅಂಗಡಿಯವನನ್ನು ಸೇರಿಸಿದ್ದು ಅವನ ಹಣಕ್ಕಾಗಿ ಅಲ್ಲ, ಬಾಗಿಲಿಗೆ ಅಗುಳಿಯಾಗಿ.

1938ರ ಈರಿ ರೈಲ್ವೆ ಮೊಕದ್ದಮೆಯ ನಂತರ ಇಂತಹ ದಾವೆಗಳಲ್ಲಿ ಫೆಡರಲ್ ನ್ಯಾಯಾಲಯವೂ ರಾಜ್ಯದ ಕಾನೂನನ್ನೇ ಅನ್ವಯಿಸಬೇಕು. ಕಾನೂನು ಒಂದೇ ಆದ ಮೇಲೆ ಇಷ್ಟೊಂದು ಹಗ್ಗಜಗ್ಗಾಟವೇಕೆ? ನೀರು ಒಂದೇ ಆದರೂ ಸಮುದ್ರತೀರದಲ್ಲಿ ಅದು ಕುದಿಯುವ ಉಷ್ಣತೆಯೇ ಬೇರೆ, ಎತ್ತರದ ಬೆಟ್ಟದ ಮೇಲೆ ಕುದಿಯುವ ಉಷ್ಣತೆಯೇ ಬೇರೆ. ಸುತ್ತಲಿನ ಒತ್ತಡ ಬದಲಾದದ್ದೇ ಕಾರಣ. ಇಲ್ಲಿಯೂ ಹಾಗೆಯೇ. ಕ್ರೀಕ್ ಕೌಂಟಿಯ ಜ್ಯೂರಿಗಳು ಗಾಯಾಳುಗಳಿಗೆ ಉದಾರವಾಗಿ ಪರಿಹಾರ ಕೊಡುತ್ತಾರೆಂಬ ಹೆಸರಿತ್ತು. ಒಕ್ಲಹೋಮಾದ ರಾಜ್ಯ ನ್ಯಾಯಾಲಯದ ನಿಯಮದಂತೆ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಒಪ್ಪಿದರೆ ತೀರ್ಪಾಗುತ್ತದೆ. ಫೆಡರಲ್ ನ್ಯಾಯಾಲಯದಲ್ಲಿ ಜ್ಯೂರಿಯನ್ನು ಹಲವು ಕೌಂಟಿಗಳಿಂದ ಆರಿಸುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಒಮ್ಮತಕ್ಕೆ ಬರಬೇಕು.

ನ್ಯೂಯಾರ್ಕಿನ ಆ ಇಬ್ಬರು ಸುಮ್ಮನಿರಲಿಲ್ಲ. ‘ನಾವು ಒಕ್ಲಹೋಮಾದಲ್ಲಿ ವ್ಯಾಪಾರವನ್ನೇ ಮಾಡಿಲ್ಲ, ಅಲ್ಲಿನ ನ್ಯಾಯಾಲಯಕ್ಕೆ ನಮ್ಮ ಮೇಲೆ ಅಧಿಕಾರವಿಲ್ಲ’ ಎಂಬುದು ಅವರ ವಾದ. 1980ರ ಜನವರಿ 21ರಂದು ಸುಪ್ರೀಂ ಕೋರ್ಟ್, ಆರು–ಮೂರರ ಬಹುಮತದಿಂದ ಈ ವಾದವನ್ನು ಎತ್ತಿಹಿಡಿಯಿತು. ಕೊಂಡವರು ಕಾರನ್ನು ಓಡಿಸಿಕೊಂಡು ಅಲ್ಲಿಗೆ ಹೋದರೆಂಬ ಮಾತ್ರಕ್ಕೆ ಮಾರಿದವನು ಅಲ್ಲಿಗೆ ಬಂದು ಉತ್ತರ ಹೇಳಬೇಕಾಗಿಲ್ಲ ಎಂದಿತು. ‘ವರ್ಲ್ಡ್‌ವೈಡ್ ಫೋಕ್ಸ್‌ವ್ಯಾಗನ್ ವಿರುದ್ಧ ವುಡ್ಸನ್’ ಎಂಬ ಈ ತೀರ್ಪನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಮೊದಲ ವರ್ಷದಲ್ಲಿಯೇ ಓದುತ್ತಾರೆ.

ಅಗುಳಿ ಕಳಚಿತು. ಉಳಿದ ಕಂಪೆನಿಗಳು ಮೊಕದ್ದಮೆಯನ್ನು ಟಲ್ಸಾ ನಗರದ ಫೆಡರಲ್ ನ್ಯಾಯಾಲಯಕ್ಕೆ ಒಯ್ದವು. ಅಲ್ಲಿನ ಜ್ಯೂರಿ ಕಂಪೆನಿಗಳ ಪರವಾಗಿ ತೀರ್ಪಿತ್ತಿತು. ಕುಟುಂಬ 1990ರ ದಶಕದವರೆಗೂ ಹೋರಾಡಿತು, ಫಲ ದೊರೆಯಲಿಲ್ಲ. ಕ್ರೀಕ್ ಕೌಂಟಿಯ ಜ್ಯೂರಿ ಏನು ಹೇಳುತ್ತಿತ್ತೋ ಈಗ ಯಾರೂ ಹೇಳಲಾರರು. ಮುಂದೆ 1988ರಲ್ಲಿ, ಬೇರೆ ರಾಜ್ಯದವರೆಂಬ ಆಧಾರದ ಮೇಲೆ ಒಯ್ಯುವುದಾದರೆ ದಾವೆ ಹೂಡಿ ಒಂದು ವರ್ಷ ಕಳೆಯುವುದರೊಳಗೆ ಒಯ್ಯಬೇಕೆಂಬ ನಿಯಮ ಬಂತು. ವಾದಿಯೇ ದುರುದ್ದೇಶದಿಂದ ಅಡ್ಡಿಪಡಿಸಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ನಮ್ಮಲ್ಲಿ

ನಮ್ಮ ದೇಶದಲ್ಲಿ ವಾಹನ ಅಪಘಾತದ ಪರಿಹಾರವನ್ನು ನಿರ್ಧರಿಸುವುದು 1988ರ ಮೋಟಾರು ವಾಹನ ಕಾಯಿದೆಯಡಿಯ ನ್ಯಾಯಮಂಡಳಿ. ಅಪಘಾತವಾದ ಸ್ಥಳ, ಅರ್ಜಿದಾರನ ವಾಸಸ್ಥಳ, ಪ್ರತಿವಾದಿಯ ವಾಸಸ್ಥಳ – ಈ ಮೂರರಲ್ಲಿ ಯಾವುದನ್ನಾದರೂ ಅರ್ಜಿದಾರನೇ ಆರಿಸಿಕೊಳ್ಳಬಹುದು. ಗಾಯಗೊಂಡವನು ಪರವೂರಿಗೆ ಅಲೆಯದಿರಲಿ ಎಂಬುದೇ ಇದರ ಉದ್ದೇಶ. ತಮ್ಮೂರಿನಲ್ಲಿಯೇ ಅರ್ಜಿ ಹಾಕಬಹುದೆಂಬುದು ತಿಳಿಯದೆ, ಅಪಘಾತವಾದ ದೂರದ ಊರಿಗೇ ತಿಂಗಳುಗಟ್ಟಲೆ ಅಲೆಯಬೇಕಾಗಿಲ್ಲ.

ನ್ಯಾಯ ಸಿಗುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಅದಕ್ಕೆ ಮುಂಚೆ, ಅದನ್ನು ಎಲ್ಲಿ ಕೇಳಬೇಕು ಎಂಬ ಇನ್ನೊಂದು ಪ್ರಶ್ನೆಯಿದೆ. ಮ್ಯಾಸೀನಾದಿಂದ ಹೊರಟ ಆ ಕುಟುಂಬದ ಪಾಲಿಗೆ ಎರಡನೆಯದೇ ಮೊದಲ ಯುದ್ಧವಾಯಿತು.