ಗೇಟಿನ ತನಕ ಗಿಗಾಬಿಟ್, ಒಳಗೆ ಎತ್ತಿನ ಗಾಡಿ

ಕೃಷ್ಣರಾಜಪುರ: ಟಿನ್ ಫ್ಯಾಕ್ಟರಿ ಹತ್ತಿರ ರಸ್ತೆ ಅಗೆದರೆ ಬಸ್ಸು ನಿಲ್ಲುತ್ತದೆ. ಇದನ್ನು ಈ ಕಡೆಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಬಸ್ಸಿನ ಜೊತೆಗೆ ಇನ್ನೊಂದೂ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ. ನೆಲದೊಳಗೆ ಗಾಜಿನ ಎಳೆಯಲ್ಲಿ ಓಡುತ್ತಿದ್ದ ಬೆಳಕು ಅದು. ಜೆಸಿಬಿ ಹಲ್ಲು ತಾಗಿದ ಕ್ಷಣಕ್ಕೆ ಯಾವುದೋ ಬ್ಯಾಂಕಿನ ಶಾಖೆ, ಯಾವುದೋ ಕಾಲೇಜಿನ ಲ್ಯಾಬು ಒಟ್ಟಿಗೆ ಕಣ್ಣು ಮುಚ್ಚುತ್ತವೆ.

ಕಾಲೇಜಿನ ಕಂಪ್ಯೂಟರು ನಿಂತರೆ ಅಂಗಡಿ ಬೀದಿಗೇನು ಎಂದು ಕೇಳಬಹುದು. 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ಪರೀಕ್ಷೆ ಅರ್ಜಿ ಎಲ್ಲ ಯುಯುಸಿಎಂಎಸ್ ಎಂಬ ಒಂದೇ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಬಿತ್ತು. ವಿದ್ಯಾರ್ಥಿ ವೇತನಕ್ಕೆ ಎಸ್‌ಎಸ್‌ಪಿ ಎಂಬ ಇನ್ನೊಂದು. ಅರ್ಜಿ ಹಾಕಲು ಕೊನೆಯ ದಿನ ಅಂತ ಒಂದಿರುತ್ತದಲ್ಲ, ಅವತ್ತು ಕಾಲೇಜಿನ ಲ್ಯಾಬಿನಲ್ಲಿ ಪರದೆ ತಿರುಗುತ್ತಾ ಕೂತರೆ ಹುಡುಗ ಎದುರಿನ ಜೆರಾಕ್ಸ್ ಅಂಗಡಿಗೆ ಓಡಬೇಕು. ಅಲ್ಲಿ ಪುಟಕ್ಕಿಷ್ಟು, ಅಪ್‌ಲೋಡಿಗಿಷ್ಟು. ಜೇಬಿನಲ್ಲಿ ಬಸ್ಸಿನ ಪಾಸು ಬಿಟ್ಟು ಬೇರೇನೂ ಇಲ್ಲದವನಿಗೆ ಅದೂ ದೊಡ್ಡ ದುಡ್ಡೇ. ಕಾಲೇಜಿನ ಬೋರ್ಡಿನ ಮೇಲೆ ಮಾತ್ರ ‘ಹೈಸ್ಪೀಡ್ ಇಂಟರ್‌ನೆಟ್ ಸೌಲಭ್ಯವಿದೆ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ.

ಆ ಸ್ಪೀಡು ಎಲ್ಲಿ ಹೋಯಿತು ಎಂಬುದೇ ಇಲ್ಲಿನ ಪ್ರಶ್ನೆ.

ದೂರವಾಣಿ ನಗರದ ನೆಲ

ತಂತಿಯ ವಿಚಾರವನ್ನು ಕೃಷ್ಣರಾಜಪುರಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ ಹುಟ್ಟಿದ್ದು ಇಲ್ಲೇ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಜನರ ಬಾಯಲ್ಲಿ ಐಟಿಐ. ಊರಿಗೆ ದೂರವಾಣಿ ನಗರ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನ ಕಂಪನಿಯ ಸಹಾಯದಿಂದ ಮೊದಲು ಸ್ಟ್ರೋಜರ್ ಎಕ್ಸ್‌ಚೇಂಜು, ಅರವತ್ತರ ದಶಕದಲ್ಲಿ ಬೆಲ್ಜಿಯಂನವರ ಜೊತೆ ಕ್ರಾಸ್‌ಬಾರು, ಆಮೇಲೆ ಎಲೆಕ್ಟ್ರಾನಿಕ್. ದೇಶದ ಎಷ್ಟೋ ಊರುಗಳಲ್ಲಿ ಟ್ರಿಣ್ ಟ್ರಿಣ್ ಎಂದ ಕರಿ ಫೋನು ಹೊರಟದ್ದು ಈ ಗೇಟಿನಿಂದ. ಸೈರನ್ನಿಗೆ ಸರಿಯಾಗಿ ಗೇಟಿನ ಹೊರಗಿನ ಹೋಟೆಲುಗಳು ತುಂಬುತ್ತಿದ್ದವು. ಪಾಳಿ ಬಿಟ್ಟರೆ ಹಳೇ ಮದ್ರಾಸ್ ರಸ್ತೆ ಸೈಕಲ್ಲಿನಿಂದ ತುಂಬುತ್ತಿತ್ತು.

ಆಮೇಲೆ ಕಾಲ ತಿರುಗಿತು. ಖಾಸಗಿ ಕಂಪನಿಗಳು ಬಂದವು, ಆರ್ಡರು ಕಡಿಮೆಯಾಯಿತು, ನಷ್ಟ ಏರಿತು. 2014ರಲ್ಲಿ ಕೇಂದ್ರ ಸರ್ಕಾರ ಸುಮಾರು 4,156 ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಕೊಡಬೇಕಾಯಿತು. ಹಳ್ಳಿ ಹಳ್ಳಿಗೆ ಗಾಜಿನ ಎಳೆ ಎಳೆಯುವ ಭಾರತ್‌ನೆಟ್ ಕೆಲಸಕ್ಕೆ ಸಿ-ಡಾಟ್ ವಿನ್ಯಾಸದ ಪೆಟ್ಟಿಗೆಗಳನ್ನು ಮಾಡಿಕೊಟ್ಟದ್ದೂ ಇದೇ ಐಟಿಐ. ಸಿ-ಡಾಟಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜು, 128 ಲೈನಿನದ್ದು, ಕೂತದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ದೆಹಲಿಯವರು ಇದನ್ನು ನೆನೆಯುವುದು ಕಮ್ಮಿ.

ಟಾಟಾ ಇನ್‌ಸ್ಟಿಟ್ಯೂಟಿನ ತಂತಿ

ಅದೇ 1986ರಲ್ಲಿ ಊರಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಹಣ ಸೇರಿಸಿಕೊಂಡು, ಅರ್ನೆಟ್ ಎಂಬ ಯೋಜನೆ ಹಾಕಿತು. ಓದು-ಸಂಶೋಧನೆ ಮಾಡುವವರ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಅದರ ಉದ್ದೇಶ. ಎಂಟು ಕಡೆ ಆಯ್ಕೆಯಾದವು: ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ, ದೆಹಲಿಯ ಇಲಾಖೆ ಕಚೇರಿ, ಮತ್ತೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ.

ಆಗಿನ ವೇಗ ಕೇಳಿದರೆ ಈಗಿನ ಹುಡುಗರು ನಗುತ್ತಾರೆ. ಟೆಲಿಫೋನ್ ಲೈನಿಗೇ ಮೋಡೆಮ್ ಸಿಕ್ಕಿಸಿ ಪತ್ರ ಕಳಿಸುವುದು. ಮುಂಬಯಿಯಿಂದ ಅಮೆರಿಕಕ್ಕೆ ಹಾಕಿದ್ದ ಬಾಡಿಗೆ ಲೈನಿನ ವೇಗ ಸೆಕೆಂಡಿಗೆ 9,600 ಬಿಟ್. ಈಗ ಫೋನಿನಲ್ಲಿ ತೆಗೆದ ಸಾಧಾರಣ ಫೋಟೋ, ಒಂದು ಮೆಗಾಬೈಟಿನದು ಅಂತಿಟ್ಟುಕೊಳ್ಳಿ, ಆ ಲೈನಿನಲ್ಲಿ ದಾಟಲು ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು. ಆಮೇಲೆ 64 ಸಾವಿರ ಬಿಟ್ಟಿನ ಲೈನು ಬಂತು, ಅದೇ ಫೋಟೋ ಎರಡು ನಿಮಿಷಕ್ಕೆ ಇಳಿಯಿತು. ಒಂದು ಗಿಗಾಬಿಟ್ಟಿನಲ್ಲಾದರೆ ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಫೋಟೋ ಹೋಗಿರುತ್ತವೆ. 700 ಮೆಗಾಬೈಟಿನ ಒಂದು ಸಿನಿಮಾ 64 ಸಾವಿರದ ಲೈನಿನಲ್ಲಿ ಪೂರಾ ಒಂದು ದಿನ. ಗಿಗಾಬಿಟ್ಟಿನಲ್ಲಿ ಆರು ಸೆಕೆಂಡು.

ದಂಡಿನ ಕಡೆಯವರಿಗೆ ಇನ್ನೊಂದು ಕಥೆ ಗೊತ್ತಿರಬಹುದು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸಿನಲ್ಲಿ ಕಚೇರಿ ತೆರೆಯಿತು. ಅಮೆರಿಕಕ್ಕೆ ನೇರ ಸಂಪರ್ಕ ಬೇಕೆಂದು ಉಪಗ್ರಹದ ಡಿಶ್ಶು ತರಿಸಿದಾಗ ಅದನ್ನು ಎತ್ತಿನ ಗಾಡಿಯ ಮೇಲೆ ಹೊತ್ತು ತಂದರು ಎಂದು ಆ ಕಂಪನಿಯವರೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಎತ್ತಿಗೆ ತಾನು ಹೊತ್ತದ್ದು ಏನೆಂದು ಗೊತ್ತಿರಲಿಲ್ಲ, ಪಾಪ. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅಂದರೆ ಕ್ಯಾಂಪಸ್ಸಿನವರು ನಮಗಿಂತ ಎಂಟೊಂಬತ್ತು ವರ್ಷ ಮುಂದೆ ಇದ್ದರು.

ದೊಡ್ಡ ಕೊಳವೆ, ಸಣ್ಣ ನಲ್ಲಿ

2010ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಹತ್ತು ವರ್ಷಕ್ಕೆ 5,990 ಕೋಟಿ ರೂಪಾಯಿ. ಇದು ಬೀದಿಯ ಇಂಟರ್‌ನೆಟ್ಟಲ್ಲ; ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆಂದೇ ಬೇರೆ ದಾರಿ. ಬೆನ್ನೆಲುಬಿನ ವೇಗ ಸೆಕೆಂಡಿಗೆ 10 ಗಿಗಾಬಿಟ್ ತನಕ, ಸಂಸ್ಥೆಗಳ ಬಾಗಿಲಿಗೆ 100 ಮೆಗಾಬಿಟ್ಟಿನಿಂದ 1 ಗಿಗಾಬಿಟ್ ತನಕ. ಟಾಟಾ ಇನ್‌ಸ್ಟಿಟ್ಯೂಟಿನಂಥವರಿಗೆ ಇದು ಶೋಕಿ ಅಲ್ಲ. ಅಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರ್ ಕೂತಿತು, 3.3 ಪೆಟಾಫ್ಲಾಪ್ ಶಕ್ತಿಯದ್ದು. ಅಂಥ ಯಂತ್ರದ ಲೆಕ್ಕದ ಫಲ ಹೊರಗೆ ಬರಲು ಸಣ್ಣ ತಂತಿ ಇಟ್ಟರೆ ಗೋದಾಮಿಗೆ ಕಿಟಕಿ ಇಟ್ಟ ಹಾಗೆ.

ಆದರೆ ಈ ಭಾಗದ ಮಕ್ಕಳು ಬಹುಪಾಲು ಹೋಗುವುದು ಅಲ್ಲಿಗಲ್ಲ, ಸಂಯೋಜಿತ ಕಾಲೇಜುಗಳಿಗೆ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಒಡೆದಾಗ ಕೃಷ್ಣರಾಜಪುರ ಕಡೆಯ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಪಾಲಿಗೆ ಬಂದವು. ಅದರ ಕಚೇರಿ ಕೋಲಾರದ ಟಮಕದಲ್ಲಿ. 2009ರಲ್ಲಿ ಶುರುವಾದ ಕೇಂದ್ರದ ಇನ್ನೊಂದು ಯೋಜನೆಯಲ್ಲಿ ವಿಶ್ವವಿದ್ಯಾಲಯಕ್ಕೆ 1 ಗಿಗಾಬಿಟ್ ಎಂದರು. ಕಾಲೇಜಿಗೆ ತಲಾ 512 ಕಿಲೋಬಿಟ್ಟಿನ ಕೆಲವು ಬ್ರಾಡ್‌ಬ್ಯಾಂಡ್ ಸಂಪರ್ಕ ಎಂದರು. ಅಂಥ ಹತ್ತು ಸಂಪರ್ಕ ಸೇರಿಸಿದರೂ 5 ಮೆಗಾಬಿಟ್ ಚಿಲ್ಲರೆ. ವಿಶ್ವವಿದ್ಯಾಲಯಕ್ಕೆ ಸಾವಿರ, ಕಾಲೇಜಿಗೆ ಐದು! ಖರ್ಚಿನ ಮುಕ್ಕಾಲು ಪಾಲು ಕೇಂದ್ರದ್ದಾಗಿತ್ತು ನಿಜ. ಆದರೆ ಪಾಠ ಕೇಳುವ ಹುಡುಗರು ಇರುವುದು ಎಲ್ಲಿ, ಕೊಳವೆ ಹೋಗಿದ್ದು ಎಲ್ಲಿಗೆ? ಆ ಐದನ್ನು ಆಮೇಲೆ ತಮ್ಮ ದುಡ್ಡಿನಿಂದಲೇ ನೂರು, ಇನ್ನೂರಕ್ಕೆ ಏರಿಸಿಕೊಂಡ ಕಾಲೇಜುಗಳಿವೆ. ಹಾಗೆ ಏರಿಸಿಕೊಂಡಲ್ಲೂ ಬೆಂಚಿನ ತನಕ ವೇಗ ಬರುವುದಿಲ್ಲ ಎಂಬುದು ಇನ್ನೊಂದು ಗೋಳು.

ಗೇಟಿನಿಂದ ಬೆಂಚಿಗೆ

ನೂರು ಅಂತ ಬಿಲ್ಲು ಕಟ್ಟುತ್ತೀವಿ, ಹನ್ನೆರಡೂ ಬರಲ್ಲ ಅಂತ ಮನೆಮನೆಯಲ್ಲೂ ದೂರು. ಇದರಲ್ಲಿ ಅರ್ಧ ಅಳತೆಯ ಆಟ. ಕಂಪನಿಯವರು ಬಿಟ್ ಲೆಕ್ಕದಲ್ಲಿ ಮಾರುತ್ತಾರೆ, ನಾವು ಬೈಟ್ ಲೆಕ್ಕದಲ್ಲಿ ಇಳಿಸಿಕೊಳ್ಳುತ್ತೇವೆ. ಎಂಟು ಬಿಟ್ಟಿಗೆ ಒಂದು ಬೈಟು. ಆದ್ದರಿಂದ ನೂರು ಮೆಗಾಬಿಟ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟು. ಅದಕ್ಕಿಂತ ಜಾಸ್ತಿ ದೇವರೇ ಬಂದರೂ ಇಳಿಯುವುದಿಲ್ಲ.

ಇನ್ನರ್ಧ ಕಾಂಪೌಂಡಿನ ಒಳಗಿದೆ. ಹೊರಗಿಂದ ಬರುವ ಎಳೆ ಗಾಜಿನದು, ಅದರೊಳಗೆ ಓಡುವುದು ಬೆಳಕು. ಅದು ಆಫೀಸು ರೂಮಿನ ಒಂದು ಪೆಟ್ಟಿಗೆಗೆ ಬಂದು ಮುಗಿಯುತ್ತದೆ. ಅಲ್ಲಿಂದ ಮುಂದೆ ತಾಮ್ರದ ತಂತಿ. ಈ ತಾಮ್ರದ ಕೇಬಲ್ಲಿಗೆ ಒಂದು ಕಟ್ಟಳೆ ಇದೆ: ನೂರು ಮೀಟರು. ಅದನ್ನು ದಾಟಿದರೆ ಸಂಕೇತ ಕುಂದುತ್ತದೆ, ಕಳಿಸಿದ್ದನ್ನೇ ಮತ್ತೆ ಕಳಿಸಬೇಕಾಗುತ್ತದೆ, ವೇಗ ಕುಸಿಯುತ್ತದೆ. ಹಿಂದಿನ ಬ್ಲಾಕಿನ ಲ್ಯಾಬು ನೂರೈವತ್ತು ಮೀಟರು ದೂರ ಇದ್ದರೂ ‘ನಡೀತದೆ ಬಿಡಿ’ ಎಂದು ಎಳೆದು ಹೋದ ಗುತ್ತಿಗೆದಾರನ ಕೇಬಲ್ಲು ಹೇಗೋ ನಡೆಯುತ್ತದೆ, ಕುಂಟಿಕೊಂಡು. ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಎಳೆಯನ್ನೇ ಹಾಕಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಏಪ್ರಿಲ್-ಮೇ ಮಳೆಯಲ್ಲಿ ಗುಡುಗು ಮಿಂಚು ಬಂದಾಗ ಹೊರಗೆ ತೂಗುವ ತಾಮ್ರದ ತಂತಿ ಆ ಆಘಾತವನ್ನು ನೇರವಾಗಿ ಲ್ಯಾಬಿನೊಳಕ್ಕೆ ತರುತ್ತದೆ, ಪೆಟ್ಟಿಗೆಗಳು ಸುಟ್ಟು ಕೂರುತ್ತವೆ. ಗಾಜಿಗೆ ಮಿಂಚಿನ ಹಂಗಿಲ್ಲ.

ನಡುವೆ ಸ್ವಿಚ್ಚು ಎಂಬ ಡಬ್ಬಿಗಳು. ನಾಲ್ಕು ಹಂತದಲ್ಲಿ ಮೂರು ಗಿಗಾಬಿಟ್ಟಿನವು, ಒಂದೇ ಒಂದು ಹಳೇ ನೂರು ಮೆಗಾಬಿಟ್ಟಿನದು ಇದ್ದರೆ ಸಾಕು, ಅದರಾಚೆ ಇರುವವರೆಲ್ಲ ನೂರಕ್ಕೇ ಇಳಿದರು. ಬೆನ್ನಿಗಾನಹಳ್ಳಿ ಹತ್ತಿರ ರಸ್ತೆ ಕಿರಿದಾದರೆ ಹಿಂದೆ ಎಂಟು ಲೇನು ಇದ್ದರೇನು ಬಂತು? ಹಳೇ ಕಾಲದ ಹಬ್ಬು ಇದ್ದರಂತೂ ಕೇಳಲೇಬೇಡಿ. ಒಬ್ಬ ಮಾತಾಡುವಾಗ ಉಳಿದವರು ಬಾಯಿ ಮುಚ್ಚಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ, ಇಬ್ಬರೂ ಮತ್ತೆ ಮೊದಲಿಂದ.

ವೈಫೈ ಕಥೆ ಬೇರೆ. ಕಾರಿಡಾರಿಗೆ ಒಂದು ಡಬ್ಬಿ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಅದರ ಕೆಳಗೆ ಎರಡು ಕ್ಲಾಸು, ನೂರಿಪ್ಪತ್ತು ಫೋನು. ಗಾಳಿಯಲ್ಲಿರುವುದು ಒಂದೇ ದಾರಿ, ಎಲ್ಲರೂ ಪಾಳಿ ಹಚ್ಚಿ ಹೋಗಬೇಕು. ಕಾಂಕ್ರೀಟು ಗೋಡೆ ದಾಟುವಷ್ಟರಲ್ಲಿ ಅರ್ಧ ಶಕ್ತಿ ಮುಗಿದಿರುತ್ತದೆ. ಹುಡುಗರು ರೋಸಿ ಹೋಗಿ ಸ್ವಂತ ಮೊಬೈಲ್ ಡೇಟಾ ಹಾಕಿಕೊಳ್ಳುತ್ತಾರೆ. ದುಡ್ಡಿದ್ದವರು ಹಾಕಿಕೊಂಡರು, ಇಲ್ಲದವರು ಜೆರಾಕ್ಸ್ ಅಂಗಡಿಗೆ ನಡೆದರು.

ಕರೆಂಟಿನದೂ ಒಂದು ಪಾತ್ರ. ಲ್ಯಾಬಿಗೆ ಯುಪಿಎಸ್ ಇರುತ್ತದೆ. ಮೆಟ್ಟಿಲ ಕೆಳಗಿನ ಸ್ವಿಚ್ಚಿನ ಡಬ್ಬಿಗೆ ಇರುವುದಿಲ್ಲ. ಕರೆಂಟು ಹೋದರೆ ಕಂಪ್ಯೂಟರು ಬೆಳಗುತ್ತದೆ, ನೆಟ್ಟು ಆರುತ್ತದೆ. ಎಂಥ ಜಾಣತನ!

ದೊಡ್ಡ ಕ್ಯಾಂಪಸ್ಸುಗಳಲ್ಲಿ ಮೇಲ್ದರ್ಜೆಗೆ ಏರಿಸುವುದು ಎಂದರೆ ಹೊರಗಿನ ಕೊಳವೆ ದಪ್ಪ ಮಾಡುವುದಲ್ಲ. ಮೊದಲು ಕಟ್ಟಡಗಳ ನಡುವೆ ಗಾಜಿನ ಎಳೆ, ಅದೂ ಉಂಗುರದ ಆಕಾರದಲ್ಲಿ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರಲಿ ಅಂತ. ಆಮೇಲೆ ಡಬ್ಬಿಗಳು. ಆಮೇಲೆ ಗೋಡೆಯೊಳಗಿನ ತಂತಿ. ಎಲ್ಲಕ್ಕಿಂತ ಮುಖ್ಯ, ಇದನ್ನೆಲ್ಲ ನೋಡಿಕೊಳ್ಳಲು ಸಂಬಳ ಕೊಟ್ಟು ಇಟ್ಟ ಜನ. ಸಾಮಾನು ಕೊಳ್ಳಲು ಅನುದಾನ ಸಿಗುತ್ತದೆ, ಟೆಂಡರು ಕರೆಯುತ್ತಾರೆ, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸುತ್ತಾರೆ. ನೋಡಿಕೊಳ್ಳುವವನ ಸಂಬಳಕ್ಕೆ ಮಾತ್ರ ರಿಬ್ಬನ್ನು ಇಲ್ಲ. ಬಹಳ ಕಡೆ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕರೇ ಬಿಡುವಿನಲ್ಲಿ ಏಣಿ ಹತ್ತಬೇಕು.

ಅಗೆಯುವ ಮೊದಲು

ಮತ್ತೆ ಜೆಸಿಬಿಗೆ ಬರೋಣ. ತೂಗುಸೇತುವೆಯ ಆಸುಪಾಸು, ಹೊರವರ್ತುಲ ರಸ್ತೆ, ಹಳೇ ಮದ್ರಾಸ್ ರಸ್ತೆ ಸೇರುವಲ್ಲಿ ಅಗೆಯದ ವರ್ಷ ನೆನಪಿಗೆ ಬರುತ್ತದೆಯೇ? ನೀರಿನವರು ಅಗೆಯುತ್ತಾರೆ, ಕರೆಂಟಿನವರು ಅಗೆಯುತ್ತಾರೆ, ಮೆಟ್ರೋದವರು ಅಗೆಯುತ್ತಾರೆ, ಕೇಬಲ್ಲಿನವರು ತಮ್ಮ ಕೇಬಲ್ಲು ಹಾಕಲು ಇನ್ನೊಬ್ಬರ ಕೇಬಲ್ಲು ಕಡಿಯುತ್ತಾರೆ. ಕಡಿದ ಮೇಲೆ ಹುಡುಕುವ ಉಪಾಯವೇನೋ ಇದೆ. ಎಳೆಯೊಳಗೆ ಬೆಳಕಿನ ಮಿಣುಕು ಬಿಟ್ಟು, ತುಂಡಾದ ಜಾಗದಿಂದ ಅದು ಮರಳಿ ಬರಲು ಹಿಡಿದ ಸಮಯ ಅಳೆದರೆ ಎಷ್ಟು ಮೀಟರು ದೂರದಲ್ಲಿ ಕಡಿದಿದೆ ಎಂದು ಯಂತ್ರ ಹೇಳುತ್ತದೆ. ಬೆಳಕು ಓಡುವ ಗಾಜಿನ ತಿರುಳು ತಲೆಗೂದಲಿಗಿಂತ ಎಷ್ಟೋ ಸಣ್ಣ, ಒಂಬತ್ತು ಮೈಕ್ರಾನು. ಎರಡು ತುದಿಯನ್ನು ನೇರ ಹಿಡಿದು ಕಿಡಿಯಲ್ಲಿ ಕರಗಿಸಿ ಬೆಸೆಯಬೇಕು. ಗುಂಡಿಯ ಪಕ್ಕ, ಛತ್ರಿ ಹಿಡಿದುಕೊಂಡು, ಲಾರಿ ಧೂಳಿನಲ್ಲಿ ಈ ಕೆಲಸ ಮಾಡುವ ಹುಡುಗರನ್ನು ನೋಡಿ ಬಸ್ಸಿನವರು ಬೈದುಕೊಂಡು ಹೋಗುತ್ತಾರೆ. ಬೈಗುಳ ಸಲ್ಲಬೇಕಾದದ್ದು ಅವರಿಗಲ್ಲ.

ಬೇಕಾಬಿಟ್ಟಿ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತ್ತು. 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು ಪ್ರಧಾನಿ ಬಿಡುಗಡೆ ಮಾಡಿದರು. ಅಗೆಯುವವನು ಎಲ್ಲಿ ಅಗೆಯುತ್ತೇನೆ ಎಂದು ಮೊದಲೇ ಹಾಕಬೇಕು. ಅಲ್ಲಿ ಕೇಬಲ್ಲು, ಕೊಳವೆ ಹೂತವರಿಗೆ ಸುದ್ದಿ ಹೋಗುತ್ತದೆ. ಒಳ್ಳೆಯ ಏರ್ಪಾಡು. ಜೆಸಿಬಿ ಡ್ರೈವರಿನ ಫೋನಿನಲ್ಲಿ ಅದು ಇದೆಯೇ ಎಂದು ಕೇಳುವ ಅಧಿಕಾರಿ ಬೇಕು ಅಷ್ಟೆ. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆಗಳಾದವು, ಕೃಷ್ಣರಾಜಪುರ ಪೂರ್ವ ಪಾಲಿಕೆಗೆ ಸೇರಿತು. ಹೊಸ ಬೋರ್ಡಿನ ಕಚೇರಿಗೆ ಈ ಪ್ರಶ್ನೆ ಹಾಕಲು ಇದೇ ಹೊತ್ತು.

ಅಂಗಡಿಯವರಿಗೆ ಒಂದು ಮಾತು. 2020ರ ಡಿಸೆಂಬರಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ಚಹಾ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಫೀಸಿಲ್ಲದೆ ಸಾರ್ವಜನಿಕ ವೈಫೈ ಮಾರಬಹುದು, ಹಿಂದೆ ಹಳದಿ ಡಬ್ಬಿಯ ಎಸ್‌ಟಿಡಿ ಬೂತು ಇಟ್ಟ ಹಾಗೆಯೇ. ಇನ್ನು ಈ ವರ್ಷ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋಗುವವರು ಬೋರ್ಡು ಓದಿ ಬರಬೇಡಿ. ಹಿಂದಿನ ಬ್ಲಾಕಿನ ಲ್ಯಾಬು ತೋರಿಸಿ ಅನ್ನಿ. ಎಷ್ಟು ಜನಕ್ಕೆ ಎಷ್ಟು ಮೆಗಾಬಿಟ್ ಅಂತ ಕೇಳಿ. ಎರಡು ಸಾವಿರ ಮಂದಿ ಒಂದೇ ಹೊತ್ತಿಗೆ ಕೂತರೆ ಪೂರಾ ಗಿಗಾಬಿಟ್ಟೂ ತಲೆಗೆ ಅರ್ಧ ಮೆಗಾಬಿಟ್ಟೇ. ಮೆಟ್ಟಿಲ ಕೆಳಗಿನ ಡಬ್ಬಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಕೇಳಿ. ಫೀಸಿನ ರಸೀದಿಯಲ್ಲಿ ‘ಇಂಟರ್‌ನೆಟ್ ಶುಲ್ಕ’ ಅಂತ ಬೇರೆ ಸಾಲು ಇದ್ದರೆ, ಕೇಳಲು ಮುಜುಗರ ಬೇಡ.