ನಿಮಗಿದು ಗೊತ್ತೇ? ಎರಡು ಕ್ಲೌಡ್, ಒಂದೇ ಜಾಲತಾಣ

ಒಂದೇ ಜಾಲತಾಣ ತೆರೆದ ಇಬ್ಬರಲ್ಲಿ ಒಬ್ಬರಿಗೆ ಅಮೆಜಾನ್ ಕ್ಲೌಡಿನಿಂದ, ಮತ್ತೊಬ್ಬರಿಗೆ ಗೂಗಲ್ ಕ್ಲೌಡಿನಿಂದ ಪುಟ ಬರಬಹುದು. ಇಬ್ಬರಿಗೂ ಅದರ ಸುಳಿವೇ ಸಿಗುವುದಿಲ್ಲ. ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಯಾರನ್ನು ಯಾವ ಕಡೆ ಕಳಿಸಬೇಕೆಂದು ಆಗಲೇ ತೀರ್ಮಾನಿಸಿರುತ್ತದೆ.

ಈ ಉಪಾಯ ಕ್ಲೌಡ್‌ಗಿಂತ ಹಳೆಯದು. ಮೊಸಾಯಿಕ್ ಬ್ರೌಸರ್ ತಯಾರಾದದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ. 1994ರ ಹೊತ್ತಿಗೆ ಆ ಕೇಂದ್ರದ ಜಾಲತಾಣಕ್ಕೆ ಜನ ಮುಗಿಬಿದ್ದು, ಒಂದು ಸರ್ವರ್ ಸಾಲದಾಯಿತು. ಹಲವು ಸರ್ವರ್‌ಗಳನ್ನು ನಿಲ್ಲಿಸಿ, ಒಂದೇ ಹೆಸರಿಗೆ ಅವುಗಳ ವಿಳಾಸಗಳನ್ನು ಸರದಿಯ ಮೇಲೆ ಕೊಡತೊಡಗಿದರು. ರೌಂಡ್ ರಾಬಿನ್ ಎಂದರೆ ಇದೇ.

ಬರೀ ಸರದಿಯಾದರೆ ಕೆಟ್ಟು ನಿಂತ ಸರ್ವರಿನ ವಿಳಾಸವನ್ನೂ ಕೊಟ್ಟುಬಿಡುತ್ತದೆ. ಹಾಗಾಗಿ ಈಗ ಕೆಲವು ಸೆಕೆಂಡಿಗೊಮ್ಮೆ ಎರಡೂ ಕ್ಲೌಡ್‌ಗಳ ಹೆಲ್ತ್ ಚೆಕ್ ನಡೆಯುತ್ತದೆ. ಉತ್ತರ ಬಾರದ ಕಡೆಗೆ ಟ್ರಾಫಿಕ್ ನಿಲ್ಲುತ್ತದೆ. ಆದರೂ ಎಲ್ಲರೂ ತಕ್ಷಣ ತಿರುಗಿಕೊಳ್ಳುವುದಿಲ್ಲ. ಡಿಎನ್‌ಎಸ್ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, ಅಂದರೆ ಟಿಟಿಎಲ್, 60 ಸೆಕೆಂಡ್ ಎಂದಿದ್ದರೂ, ಬಳಕೆದಾರರ ಪರವಾಗಿ ಡಿಎನ್‌ಎಸ್ ಉತ್ತರ ತಂದುಕೊಡುವ ಕೆಲವು ರಿಸಾಲ್ವರ್‌ಗಳು ಹಳೆಯ ಉತ್ತರವನ್ನೇ ಹಿಡಿದು ಕೂತಿರುತ್ತವೆ.

ಕ್ಲೌಡ್ ಆರಿಸಿದ ಮೇಲೆ ಅದರೊಳಗಿನ ನೂರಾರು ಸರ್ವರ್‌ಗಳಲ್ಲಿ ಯಾವುದಕ್ಕೆ ಕೆಲಸ ಕಡಿಮೆ ಎಂದು ಎಲ್ಲವನ್ನೂ ಕೇಳಬೇಕಿಲ್ಲ. ಕಣ್ಣುಮುಚ್ಚಿ ಎರಡನ್ನು ಆರಿಸಿ, ಅವುಗಳಲ್ಲಿ ಹೊರೆ ಕಡಿಮೆ ಇರುವುದಕ್ಕೆ ಕೊಟ್ಟರೆ ಸಾಕು. ಒಂದನ್ನೇ ಆರಿಸುವುದಕ್ಕಿಂತ ಹಂಚಿಕೆ ಎಷ್ಟೋ ಪಾಲು ಸಮನಾಗುತ್ತದೆ ಎಂಬುದು 1990ರ ದಶಕದಲ್ಲೇ ಗಣಿತದಿಂದ ಸಾಬೀತಾಗಿದೆ. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ದೊಡ್ಡ ಫಲ ಸಿಗುವುದು ಅಪರೂಪ.

ಹಂಚುವುದು ಸುಲಭದ ಕೆಲಸ. ಎರಡೂ ಕ್ಲೌಡ್‌ಗಳು ಗುಟ್ಟಾಗಿ ಒಂದನ್ನೇ ನೆಚ್ಚಿಕೊಂಡಿವೆಯೇ ಎಂದು ಪತ್ತೆಹಚ್ಚುವುದೇ ಕಷ್ಟ. 2016ರ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಮಿರಾಯ್ ಎಂಬ ಬಾಟ್‌ನೆಟ್‌ನ (ದಾಳಿಕೋರರ ಹಿಡಿತಕ್ಕೆ ಸಿಕ್ಕ ಸಾಧನಗಳ ಜಾಲ) ದಾಳಿ ನಡೆದಾಗ ಟ್ವಿಟರ್, ರೆಡಿಟ್, ಸ್ಪಾಟಿಫೈ ಬಹಳ ಜನರಿಗೆ ಸಿಗಲೇ ಇಲ್ಲ. ಅವುಗಳ ಸರ್ವರ್‌ಗಳು ಚೆನ್ನಾಗಿಯೇ ಇದ್ದವು! ಹೊಳೆಗೆ ಎರಡು ಸೇತುವೆ ಕಟ್ಟಿ, ಎರಡಕ್ಕೂ ಒಂದೇ ಗೇಟು ಇಟ್ಟ ಹಾಗೆ.

2017ರ ಫೆಬ್ರುವರಿ 28ರಂದು ಅಮೆಜಾನಿನ ಎಸ್3 ಸಂಗ್ರಹ ಸೇವೆ ವರ್ಜೀನಿಯಾದಲ್ಲಿ ನಿಂತಿತು. ಕಾರಣ, ಒಂದು ಕಮಾಂಡ್‌ನಲ್ಲಿ ತಪ್ಪಾಗಿ ಕೊಟ್ಟ ಮಾಹಿತಿ. ಸೇವೆ ನಿಂತಿದೆ ಎಂದು ತೋರಿಸಬೇಕಿದ್ದ ಪುಟವೂ ಎಸ್3ಯನ್ನೇ ನೆಚ್ಚಿಕೊಂಡಿತ್ತು. ಅದನ್ನು ಬದಲಿಸಲೂ ಆಗಲಿಲ್ಲ.

2025ರ ಜೂನ್ 12ರಂದು ಗೂಗಲ್ ಕ್ಲೌಡ್ ಮುಗ್ಗರಿಸಿದಾಗ, ಜಾಲತಾಣಗಳಿಗೆ ಸೇವೆ ಕೊಡುವ ಕ್ಲೌಡ್‌ಫ್ಲೇರ್‌ನ ಕೆಲವು ಸೇವೆಗಳೂ ಬಿದ್ದವು. ಎರಡೂ ಬೇರೆ ಬೇರೆ ಕಂಪನಿಯಾದರೂ ಒಂದು ಇನ್ನೊಂದನ್ನು ನೆಚ್ಚಿಕೊಂಡಿತ್ತು.

ಹಾಗಾದರೆ ಎರಡನೆಯ ಕ್ಲೌಡ್ ದಂಡವೇ? ಖಂಡಿತ ಅಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ಗೂಗಲ್‌ನಿಂದಲೇ ಅಳಿಸಿಹೋಯಿತು. ಅದನ್ನು ಸಿದ್ಧಪಡಿಸುವಾಗ ಗೂಗಲ್ ಕಡೆಯಲ್ಲಿ ಒಂದು ಅಂಕಣ ಖಾಲಿ ಉಳಿದಿತ್ತು. ಖಾಲಿ ಇದ್ದರೆ ಅವಧಿ ಒಂದು ವರ್ಷ ಎಂದು ವ್ಯವಸ್ಥೆ ತಿಳಿದುಕೊಂಡಿತು. ವರ್ಷ ತುಂಬಿದಾಗ ಅಳಿಸಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗಲಿಲ್ಲ. ಜನರ ನಿವೃತ್ತಿಯ ಹಣದ ಮಾತಿದು. ಡೇಟಾ ನಷ್ಟ ತಗ್ಗಿಸಲು ಬೇರೊಂದು ಕಂಪನಿಯಲ್ಲಿ ಇಟ್ಟಿದ್ದ ಬ್ಯಾಕಪ್ ನೆರವಾಯಿತು. ಎರಡನೆಯ ಕ್ಲೌಡಿನ ಬಿಲ್ ದುಬಾರಿ ಎನ್ನುವವರು ಈ ಘಟನೆಯನ್ನು ಒಮ್ಮೆ ಓದಲೇಬೇಕು.

ಪುಟ ತೋರಿಸುವುದನ್ನು ಎಲ್ಲಿಂದಲಾದರೂ ಮಾಡಬಹುದು. ಬ್ಯಾಂಕ್ ಬಾಕಿ, ಟಿಕೆಟ್ ಸಂಖ್ಯೆ ಮಾತ್ರ ಎರಡೂ ಕಡೆ ಒಂದೇ ಆಗಿರಬೇಕು. ಒಂದು ಕ್ಲೌಡ್ ಮುಂಬೈಯಲ್ಲಿ, ಇನ್ನೊಂದು ವರ್ಜೀನಿಯಾದಲ್ಲಿ ಇದ್ದರೆ ಹೀಗೆ ಹೊಂದಿಸಲು ಸಮಯ ಬೇಕು. ಅವುಗಳ ನಡುವೆ 12 ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಹೋಗಿ ಬರಲು 120 ಮಿಲಿಸೆಕೆಂಡ್ ಬೇಕೇ ಬೇಕು. ಸಾಮಾನ್ಯ ಫೈಬರ್ ಬಳಸುವ ಯಾವ ಕಂಪನಿಯೂ ಇದನ್ನು ಕಡಿಮೆ ಮಾಡಲಾರದು. ಅಮೆಜಾನ್, ಗೂಗಲ್ ಎರಡರ ಕೇಂದ್ರಗಳೂ ಮುಂಬೈಯಲ್ಲೇ ಇರುವುದರಿಂದ ಬೆಂಗಳೂರಿನ ಕಂಪನಿಯೊಂದು ಅವೆರಡರ ನಡುವೆ ಹಂಚಿದರೆ ಈ ತೊಡಕಿಲ್ಲ. ಆದರೆ ಮುಂಬೈಗೆ ನೆರೆ ಬಂದರೆ ಎರಡಕ್ಕೂ ಬಿಸಿ ತಟ್ಟಬಹುದು.

ಇನ್ನು ಖರ್ಚಿನ ಮಾತು. ಕ್ಲೌಡಿಗೆ ಡೇಟಾ ಹಾಕಲು ಸಾಮಾನ್ಯವಾಗಿ ದುಡ್ಡಿಲ್ಲ, ಹೊರತೆಗೆಯಲು ದುಡ್ಡುಂಟು. ಯುರೋಪ್ ಒಕ್ಕೂಟದ ಡೇಟಾ ಕಾಯ್ದೆಯ ಪ್ರಕಾರ, 2027ರ ಜನವರಿ 12ರಿಂದ ಒಂದು ಕ್ಲೌಡ್ ಬಿಟ್ಟು ಇನ್ನೊಂದಕ್ಕೆ ಹೋಗುವವರಿಂದ ಈ ಶುಲ್ಕ ವಸೂಲಿ ಮಾಡುವಂತಿಲ್ಲ. ಎರಡನ್ನೂ ಒಟ್ಟಿಗೆ ಬಳಸುವವರಿಂದ ಪಡೆಯಬಹುದು, ಅದೂ ಕಂಪನಿಗೆ ತಗಲಿದ ಖರ್ಚಿನಷ್ಟು ಮಾತ್ರ.